ಕಾಲೇಜು ಮೆಟ್ಟಿಲು ಹತ್ತದ ಪ್ರೊಫೆಸರ್: ಬೆಸೆಲ್ ನಕ್ಷತ್ರದ ದೂರ ಅಳೆದದ್ದು ಹೇಗೆ?

ಪ್ರಶ್ನೆ: ಎಂಜಿನಿಯರಿಂಗ್ ಗಣಿತದಲ್ಲಿ ಬೆಸೆಲ್ ಫಂಕ್ಷನ್ ಓದಿದ್ದೇನೆ. ಆ ಬೆಸೆಲ್ ಮೊದಲು ವ್ಯಾಪಾರಿ ಕಚೇರಿಯ ಗುಮಾಸ್ತರಾಗಿದ್ದರು, ಕಾಲೇಜಿಗೇ ಹೋಗಲಿಲ್ಲ, ಆದರೂ ಖಗೋಳಶಾಸ್ತ್ರದ ಪ್ರೊಫೆಸರ್ ಆದರು, ನಕ್ಷತ್ರದ ದೂರ ಮೊದಲು ಅಳೆದವರೂ ಅವರೇ ಎನ್ನುತ್ತಾರೆ. ಇದರಲ್ಲಿ ಎಷ್ಟು ನಿಜ? ಅಳೆದದ್ದು ಹೇಗೆ? ಆ ನಕ್ಷತ್ರ ನಮ್ಮೂರಿನಿಂದ ಕಾಣುತ್ತದೆಯೇ?

ಉತ್ತರ: ಬಹುಪಾಲು ನಿಜ. ‘ಮೊದಲು ಅಳೆದವರು’ ಎಂಬ ಮಾತಿಗೆ ಮಾತ್ರ ಸ್ವಲ್ಪ ವಿವರಣೆ ಬೇಕು.

ಫ್ರೀಡ್ರಿಖ್ ವಿಲ್ಹೆಲ್ಮ್ ಬೆಸೆಲ್ ಹುಟ್ಟಿದ್ದು 1784ರ ಜುಲೈ 22ರಂದು, ಜರ್ಮನಿಯ ಮಿಂಡೆನ್ ಪಟ್ಟಣದಲ್ಲಿ. ಅಪ್ಪ ಸರ್ಕಾರಿ ನೌಕರ, ಮನೆ ತುಂಬ ಮಕ್ಕಳು. ಶಾಲೆಯಲ್ಲಿ ಲ್ಯಾಟಿನ್ ತಲೆಗೆ ಹತ್ತಲಿಲ್ಲ, ಹದಿನಾಲ್ಕಕ್ಕೇ ಓದು ನಿಂತಿತು. 1799ರ ಆರಂಭದಲ್ಲಿ ಬ್ರೆಮೆನ್ ಬಂದರಿನ ಕುಲೆನ್‌ಕಾಂಪ್ ವ್ಯಾಪಾರಿ ಸಂಸ್ಥೆಗೆ ಏಳು ವರ್ಷದ ಕರಾರಿನ ಮೇಲೆ ಸಂಬಳವಿಲ್ಲದ ಉಮೇದುವಾರನಾಗಿ ಸೇರಿದರು. ಲೆಕ್ಕದಲ್ಲಿ ಕೈ ಚುರುಕಾಗಿತ್ತು. ಸರಕಿನ ಜೊತೆ ಹಡಗಿನಲ್ಲಿ ದೂರದೇಶಕ್ಕೆ ಹೋಗುವ ಕೆಲಸ ಸಿಗಬೇಕು ಎಂಬ ಆಸೆಯಿಂದ ಇಂಗ್ಲಿಷ್, ಸ್ಪ್ಯಾನಿಷ್, ಭೂಗೋಳ ಕಲಿತರು, ಆಮೇಲೆ ನೌಕಾಯಾನಕ್ಕೆ ಕೈಹಾಕಿದರು. ಸಮುದ್ರದ ಮಧ್ಯೆ ಹಡಗಿನ ರೇಖಾಂಶ ಕಂಡುಹಿಡಿಯಲು ಆಕಾಶ ನೋಡಲೇಬೇಕು, ಆಕಾಶ ನೋಡಿದರೆ ಗಣಿತ ಬೇಕೇ ಬೇಕು. ಹಗಲು ಲೆಡ್ಜರ್, ರಾತ್ರಿ ಖಗೋಳ ಎಂದು ದಿನಗಳು ನಡೆದವು.

1804ರಲ್ಲಿ ಆ ಇಪ್ಪತ್ತರ ಹುಡುಗ ಹ್ಯಾಲಿ ಧೂಮಕೇತುವಿನ ಕಕ್ಷೆ ಲೆಕ್ಕ ಹಾಕಿದರು. ಆಧಾರವಾಗಿ ಹಿಡಿದದ್ದು ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ 1607ರಲ್ಲಿ ಮಾಡಿದ್ದ ಹಳೆಯ ವೀಕ್ಷಣೆಗಳನ್ನು. ಬರೆದದ್ದನ್ನು ಅದೇ ಊರಿನ ವೈದ್ಯ, ಖಗೋಳಜ್ಞ ಹೆನ್ರಿಖ್ ಓಲ್ಬರ್ಸ್ ಕೈಗೆ ಕೊಟ್ಟರು. ಅದು ಅಚ್ಚಾಗಲು ಯೋಗ್ಯ ಎಂದು ಓಲ್ಬರ್ಸ್‌ಗೆ ಓದಿದ ಕೂಡಲೇ ಗೊತ್ತಾಯಿತು. ಬೆಸೆಲ್ ಬದುಕು ತಿರುಗಿದ್ದು ಇಲ್ಲಿ. 1806ರಲ್ಲಿ ಸಂಸ್ಥೆಯ ಒಳ್ಳೆಯ ಸಂಬಳದ ಅವಕಾಶ ಬಿಟ್ಟು, ಲಿಲಿಯೆಂಥಾಲ್‌ನಲ್ಲಿ ಶ್ರೋಟರ್ ನಡೆಸುತ್ತಿದ್ದ ಖಾಸಗಿ ವೀಕ್ಷಣಾಲಯಕ್ಕೆ ಕಡಿಮೆ ಸಂಬಳದ ಸಹಾಯಕರಾಗಿ ಹೋದರು. 1810ರಲ್ಲಿ ಪ್ರಷ್ಯಾದ ದೊರೆ ಕೋನಿಗ್ಸ್‌ಬರ್ಗ್‌ನಲ್ಲಿ ಕಟ್ಟಿಸಲಿದ್ದ ಹೊಸ ವೀಕ್ಷಣಾಲಯಕ್ಕೆ ಅವರನ್ನೇ ನಿರ್ದೇಶಕರಾಗಿ, ವಿಶ್ವವಿದ್ಯಾಲಯಕ್ಕೆ ಖಗೋಳ ಪ್ರಾಧ್ಯಾಪಕರಾಗಿ ನೇಮಿಸಿದರು. ಡಾಕ್ಟರೇಟ್ ಇಲ್ಲದವರು ಪಾಠ ಮಾಡುವುದು ಹೇಗೆ ಎಂಬ ತಕರಾರು ಎದ್ದಾಗ ಗಣಿತಜ್ಞ ಗೌಸ್ ನೆರವಿಗೆ ಬಂದರು. ಅವರ ಶಿಫಾರಸಿನ ಮೇಲೆ ಗಟಿಂಗೆನ್ ವಿಶ್ವವಿದ್ಯಾಲಯ ಪರೀಕ್ಷೆಯಿಲ್ಲದೆ ಪದವಿ ಕೊಟ್ಟಿತು. ವೀಕ್ಷಣಾಲಯ ಸಿದ್ಧವಾದದ್ದು 1813ರಲ್ಲಿ. ಮುಂದೆ ಬರ್ಲಿನ್‌ನಿಂದ ಕರೆ ಬಂದರೂ ಹೋಗದೆ, 1846ರ ಮಾರ್ಚ್ 17ರಂದು ತೀರಿಕೊಳ್ಳುವವರೆಗೂ ಅಲ್ಲೇ ಉಳಿದರು. ಆ ಊರು ಈಗ ರಷ್ಯಾದ ಕಲಿನಿನ್‌ಗ್ರಾಡ್. ವೀಕ್ಷಣಾಲಯ ಎರಡನೇ ಮಹಾಯುದ್ಧದಲ್ಲಿ ನಾಶವಾಯಿತು.

ಇಷ್ಟು ಜೀವನಚರಿತ್ರೆ ಎಲ್ಲ ಕಡೆ ಸಿಗುತ್ತದೆ. ‘ಬಡ ಗುಮಾಸ್ತ ಪ್ರೊಫೆಸರ್ ಆದ’ ಎಂಬಲ್ಲಿಗೆ ಕತೆ ಮುಗಿಸಿಬಿಟ್ಟರೆ ಬೆಸೆಲ್‌ಗೆ ಅನ್ಯಾಯವಾಗುತ್ತದೆ. ಅವರು ಬದುಕಿಡೀ ಮಾಡಿದ್ದು ಒಂದೇ ಕೆಲಸ: ಅಳತೆಯೊಳಗೆ ಎಲ್ಲೆಲ್ಲಿ ತಪ್ಪು ಸೇರುತ್ತದೆ, ಎಷ್ಟು ಸೇರುತ್ತದೆ ಎಂದು ಲೆಕ್ಕ ಹಾಕಿ ಕಳೆಯುವುದು. ಕಳೆದ ಮೇಲೂ ಏನಾದರೂ ಉಳಿದರೆ ಅದು ಆಕಾಶದಲ್ಲೇ ಇರುವ ಸಂಗತಿ. ಪ್ರತಿ ಉಪಕರಣವೂ ಎರಡು ಸಲ ತಯಾರಾಗುತ್ತದೆ, ಒಮ್ಮೆ ಕುಶಲಕರ್ಮಿಯ ಕಾರ್ಖಾನೆಯಲ್ಲಿ ಹಿತ್ತಾಳೆ ಉಕ್ಕುಗಳಿಂದ, ಇನ್ನೊಮ್ಮೆ ಖಗೋಳಜ್ಞನ ಕಾಗದದ ಮೇಲೆ ತಿದ್ದುಪಡಿಗಳಿಂದ ಎಂಬ ಅರ್ಥದ ಮಾತನ್ನು ಅವರು ಹೇಳಿದ್ದರು. ಅವರ ಎಲ್ಲ ಸಾಧನೆಗಳ ಬೇರು ಈ ಮಾತಿನಲ್ಲಿದೆ.

ಈ ಕೆಲಸದ ಮೊದಲ ದೊಡ್ಡ ಫಲ ಹಳೆಯ ದಾಖಲೆಯೊಂದರಿಂದ ಬಂತು. ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ಜೇಮ್ಸ್ ಬ್ರಾಡ್ಲಿ 1750ರಿಂದ 1762ರವರೆಗೆ ಸಾವಿರಾರು ನಕ್ಷತ್ರಗಳನ್ನು ಬಹಳ ಎಚ್ಚರದಿಂದ ನೋಡಿ ಬರೆದಿಟ್ಟಿದ್ದರು. ಆದರೆ ಅವು ಕಚ್ಚಾ ಅಂಕಿಗಳು, ‘ಈ ನಕ್ಷತ್ರ ಗಡಿಯಾರದಲ್ಲಿ ಇಷ್ಟು ಹೊತ್ತಿಗೆ ದೂರದರ್ಶಕದೊಳಗಿನ ತಂತಿ ದಾಟಿತು’ ಎಂಬಂಥವು. ಅಂಥ ಒಂದು ಅಂಕಿಯನ್ನು ನಕ್ಷತ್ರದ ನಿಜಸ್ಥಾನವಾಗಿ ಮಾರ್ಪಡಿಸಲು ಮೊದಲು ಗಡಿಯಾರ ಆ ದಿನ ಎಷ್ಟು ಮುಂದೆ ಅಥವಾ ಹಿಂದೆ ಓಡುತ್ತಿತ್ತು ಎಂದು ತಿಳಿಯಬೇಕು. ದೂರದರ್ಶಕದ ಅಕ್ಷ ಸರಿಯಾಗಿ ಪೂರ್ವಪಶ್ಚಿಮಕ್ಕಿತ್ತೇ, ಮಟ್ಟವಾಗಿತ್ತೇ ಎಂದು ನೋಡಬೇಕು. ಆಮೇಲೆ ಗಾಳಿಯ ವಕ್ರೀಭವನ ಕಳೆಯಬೇಕು. ನಕ್ಷತ್ರ 45 ಡಿಗ್ರಿ ಎತ್ತರದಲ್ಲಿದ್ದರೆ ಅದು ಸುಮಾರು ಒಂದು ಕಲೆ, ದಿಗಂತದ ಹತ್ತಿರ ಅರ್ಧ ಡಿಗ್ರಿಗೂ ಹೆಚ್ಚು, ಜೊತೆಗೆ ಆ ದಿನದ ಉಷ್ಣಾಂಶ ಮತ್ತು ಗಾಳಿಯ ಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ. ಭೂಮಿಯ ಓಟದಿಂದ ಬೆಳಕು ಓರೆಯಾಗಿ ಕಾಣುವುದರಿಂದ 20.5 ವಿಕಲೆಯವರೆಗೆ, ಭೂಮಿಯ ಅಕ್ಷದ ತೂಗಾಟದಿಂದ 9 ವಿಕಲೆಯವರೆಗೆ, ಅಯನಚಲನೆಯಿಂದ (ಆ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದರಿಂದ) ವರ್ಷಕ್ಕೆ 50 ವಿಕಲೆ ಇದಕ್ಕೆ ಸೇರುತ್ತವೆ. (ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ.) ಬ್ರಾಡ್ಲಿ ತೀರಿಕೊಂಡು ದಶಕಗಳಾದ ಮೇಲೆ, ಅವರ ಉಪಕರಣವನ್ನು ಕೈಯಲ್ಲಿ ಮುಟ್ಟದೆ, ಅವರ ಅಂಕಿಗಳಿಂದಲೇ ಆ ಉಪಕರಣದ ದೋಷಗಳನ್ನು ಬೆಸೆಲ್ ಹೊರತೆಗೆದರು. ಹೀಗೆ ತಿದ್ದಿದ 3,222 ನಕ್ಷತ್ರಗಳ ಸ್ಥಾನಗಳು 1818ರಲ್ಲಿ ‘ಫಂಡಮೆಂಟಾ ಅಸ್ಟ್ರೊನೊಮಿಯೆ’ ಎಂಬ ಪುಸ್ತಕವಾಗಿ ಬಂದವು. ನಕ್ಷತ್ರಗಳ ಸ್ವಂತ ಚಲನೆ ಅಳೆಯಲು ಹತ್ತಿಪ್ಪತ್ತು ವರ್ಷದ ಅಂತರ ಸಾಲದು. ಈ ಪುಸ್ತಕ 1755ರ ಆಕಾಶವನ್ನೇ ಕೈಗೆ ಕೊಟ್ಟಿತು.

ತಪ್ಪು ಉಪಕರಣದ ಕಡೆಯಿಂದಷ್ಟೇ ಬರುವುದಿಲ್ಲ, ನೋಡುವ ಮನುಷ್ಯನಿಂದಲೂ ಬರುತ್ತದೆ. 1796ರಲ್ಲಿ ಗ್ರೀನಿಚ್‌ನ ಮುಖ್ಯಸ್ಥ ಮ್ಯಾಸ್ಕೆಲಿನ್ ತನ್ನ ಸಹಾಯಕ ಕಿನ್ನೆಬ್ರೂಕ್‌ನನ್ನು ಕೆಲಸದಿಂದ ತೆಗೆದಿದ್ದರು. ಆತ ಬರೆದ ಸಮಯ ಮ್ಯಾಸ್ಕೆಲಿನ್ ಬರೆದದ್ದಕ್ಕಿಂತ 0.8 ಸೆಕೆಂಡು ತಡವಾಗಿರುತ್ತಿತ್ತು ಎಂಬುದೇ ಕಾರಣ. ಆಗಿನ ಪದ್ಧತಿ ಕಣ್ಣು ಕಿವಿ ಎರಡನ್ನೂ ನೆಚ್ಚಿತ್ತು. ಗಡಿಯಾರದ ಟಿಕ್ ಎಣಿಸುತ್ತ ದೂರದರ್ಶಕದಲ್ಲಿ ಕಣ್ಣಿಟ್ಟಿರಬೇಕು. ತಂತಿಗೆ ಮುಂಚಿನ ಟಿಕ್‌ನಲ್ಲಿ ನಕ್ಷತ್ರ ಎಲ್ಲಿತ್ತು, ದಾಟಿದ ಮೇಲಿನ ಟಿಕ್‌ನಲ್ಲಿ ಎಲ್ಲಿತ್ತು ಎಂದು ಮನಸ್ಸಿನಲ್ಲಿ ಹಿಡಿದು, ಆ ಎರಡು ದೂರಗಳ ಅನುಪಾತದಿಂದ ಸೆಕೆಂಡಿನ ಹತ್ತನೇ ಒಂದು ಪಾಲನ್ನು ಅಂದಾಜಿಸಬೇಕು. ಕೇಳಿದ್ದನ್ನೂ ಕಂಡದ್ದನ್ನೂ ಮಿದುಳು ಒಟ್ಟುಗೂಡಿಸುವ ವೇಗ ಎಲ್ಲರಲ್ಲೂ ಒಂದೇ ಅಲ್ಲ. ಕಿನ್ನೆಬ್ರೂಕ್ ಪ್ರಸಂಗ ಓದಿದ ಬೆಸೆಲ್ ಅದನ್ನು ಸೋಮಾರಿತನ ಎಂದು ತಳ್ಳಿಹಾಕದೆ, ನುರಿತ ವೀಕ್ಷಕರ ಜೊತೆ ತಮ್ಮನ್ನೇ ಹೋಲಿಸಿ ನೋಡಿದರು. ವಾಲ್‌ಬೆಕ್ ಜೊತೆ ವ್ಯತ್ಯಾಸ 1.04 ಸೆಕೆಂಡು, ತಮ್ಮದೇ ಶಿಷ್ಯ ಆರ್ಗೆಲಾಂಡರ್ ಜೊತೆ 1.22 ಸೆಕೆಂಡು! ಆಕಾಶದ ಸಮಭಾಜಕದಲ್ಲಿ ಒಂದು ಸೆಕೆಂಡು ಕಾಲವೆಂದರೆ 15 ವಿಕಲೆ ಕೋನ, ಹಾಗಾಗಿ ಇದು 18 ವಿಕಲೆಯ ಅಂತರ. ಇಬ್ಬರೂ ಅತ್ಯಂತ ಜಾಗರೂಕರು, ಇಬ್ಬರ ಅಂಕಿಯೂ ತಮ್ಮ ಮಟ್ಟಿಗೆ ಸ್ಥಿರ. ‘ವೈಯಕ್ತಿಕ ಸಮೀಕರಣ’ ಎಂದು ಹೆಸರಾದ ಈ ಶೋಧ ಮುಂದೆ ಮನಶ್ಶಾಸ್ತ್ರದ ಪ್ರಯೋಗಾಲಯಗಳಿಗೂ ದಾರಿ ಮಾಡಿತು. ಕಿನ್ನೆಬ್ರೂಕ್ ಆ ವೇಳೆಗೆ ತೀರಿಹೋಗಿದ್ದರು.

ಈಗ ನಕ್ಷತ್ರದ ದೂರ. ಭೂಮಿ ಸೂರ್ಯನ ಸುತ್ತ ಹೋಗುವಾಗ ಆರು ತಿಂಗಳಲ್ಲಿ ಸುಮಾರು 30 ಕೋಟಿ ಕಿಲೋಮೀಟರ್ ಆಚೆಗಿರುತ್ತದೆ. ಹತ್ತಿರದ ನಕ್ಷತ್ರ ದೂರದವುಗಳ ಹಿನ್ನೆಲೆಯಲ್ಲಿ ಆಚೀಚೆ ಓಲಾಡಿದಂತೆ ಕಾಣಬೇಕು. ಈ ಓಲಾಟದ ಅರ್ಧಕ್ಕೆ ಪ್ಯಾರಲಾಕ್ಸ್ ಅಥವಾ ಸ್ಥಾನಪಲ್ಲಟ ಎನ್ನುತ್ತಾರೆ. ಕೊಪರ್ನಿಕಸ್ ಕಾಲದಿಂದ ಹುಡುಕಿದರೂ ಯಾರಿಗೂ ನಂಬಿಕೆಯಾಗುವಂತೆ ಸಿಕ್ಕಿರಲಿಲ್ಲ. ಯಾವ ನಕ್ಷತ್ರ ಹತ್ತಿರದ್ದು ಎಂದು ಮೊದಲೇ ಊಹಿಸುವುದು ಹೇಗೆ? ಹೆಚ್ಚಿನವರು ಪ್ರಕಾಶಮಾನ ನಕ್ಷತ್ರಗಳ ಹಿಂದೆ ಬಿದ್ದಿದ್ದರು. ಬೆಸೆಲ್ ಹಿಡಿದದ್ದು ವೇಗವನ್ನು. ಹಂಸ ಪುಂಜದ 61ನೇ ನಕ್ಷತ್ರ ಬರಿಗಣ್ಣಿಗೆ ಕಂಡೂ ಕಾಣದಷ್ಟು ಮಂಕು, ಆದರೆ ಆಕಾಶದಲ್ಲಿ ವರ್ಷಕ್ಕೆ 5.2 ವಿಕಲೆ ಸರಿಯುತ್ತದೆ. ಇಷ್ಟು ಬೇಗ ಸರಿಯುವುದು ಹತ್ತಿರವೇ ಇರಬೇಕು. ಅದು ಜೋಡಿ ನಕ್ಷತ್ರ ಎಂಬುದು ಇನ್ನೊಂದು ಅನುಕೂಲ, ಕೋನಿಗ್ಸ್‌ಬರ್ಗ್‌ನ ಅಕ್ಷಾಂಶದಲ್ಲಿ ವರ್ಷವಿಡೀ ಮುಳುಗುವುದಿಲ್ಲ ಎಂಬುದು ಮತ್ತೊಂದು.

ಉಪಕರಣ ಜರ್ಮನಿಯ ಮಸೂರ ತಯಾರಕ ಫ್ರೌನ್‌ಹೋಫರ್ ಕಾರ್ಖಾನೆಯ ಹೆಲಿಯೋಮೀಟರ್. ಫ್ರೌನ್‌ಹೋಫರ್ 1826ರಲ್ಲೇ ತೀರಿಕೊಂಡರು, ಉಪಕರಣ ಕೋನಿಗ್ಸ್‌ಬರ್ಗ್‌ನಲ್ಲಿ ಕೂತದ್ದು 1829ರಲ್ಲಿ. ಸುಮಾರು 158 ಮಿಲಿಮೀಟರ್ ವ್ಯಾಸದ ಮುಂಬದಿ ಮಸೂರವನ್ನು ನಟ್ಟನಡುವೆ ಎರಡು ಹೋಳಾಗಿ ಕತ್ತರಿಸಿದ್ದರು. ಒಂದೊಂದು ಹೋಳೂ ಆಕಾಶದ ಪೂರ್ತಿ ಚಿತ್ರವನ್ನೇ ಮೂಡಿಸುತ್ತದೆ, ಬೆಳಕು ಮಾತ್ರ ಅರ್ಧ. ಹೋಳುಗಳು ಸರಿಸಮ ಇದ್ದಾಗ ಎರಡು ಚಿತ್ರಗಳೂ ಒಂದರ ಮೇಲೊಂದು ಕೂರುತ್ತವೆ. ಸ್ಕ್ರೂ ತಿರುಗಿಸಿ ಒಂದು ಹೋಳನ್ನು ಜಾರಿಸಿದರೆ ಅದರ ಚಿತ್ರ ಪಕ್ಕಕ್ಕೆ ಸರಿಯುತ್ತದೆ. ಒಂದು ಚಿತ್ರದ ಮೊದಲ ನಕ್ಷತ್ರ ಇನ್ನೊಂದು ಚಿತ್ರದ ಎರಡನೇ ನಕ್ಷತ್ರದ ಮೇಲೆ ಬಂದು ಕೂತಾಗ ಸ್ಕ್ರೂ ಎಷ್ಟು ತಿರುಗಿತೋ ಅದೇ ಎರಡರ ನಡುವಿನ ಕೋನ. ಬೆಸೆಲ್ ಇಲ್ಲಿ ಜೋಡಿಯ ಲಾಭ ಪಡೆದರು: ಹೋಲಿಕೆಯ ಮಂಕು ನಕ್ಷತ್ರವನ್ನು 61ರ ಎರಡು ನಕ್ಷತ್ರಗಳ ಸರಿಮಧ್ಯಕ್ಕೆ ತಂದು ನಿಲ್ಲಿಸಿದರು. ಒಂದು ಚುಕ್ಕಿಯ ಮೇಲೆ ಇನ್ನೊಂದನ್ನು ಹೇರುವುದಕ್ಕಿಂತ ಎರಡರ ಮಧ್ಯಬಿಂದುವನ್ನು ಕಣ್ಣಳತೆಯಲ್ಲಿ ಹಿಡಿಯುವುದು ಹೆಚ್ಚು ನಿಖರ.

ಕಷ್ಟದ ಪ್ರಮಾಣ ಹೀಗೆ ಲೆಕ್ಕ ಹಾಕಿ. ಆ ದೂರದರ್ಶಕದ ನಾಭಿದೂರ ಸುಮಾರು 2.6 ಮೀಟರ್. ಕೊನೆಗೆ ಸಿಕ್ಕ ಸ್ಥಾನಪಲ್ಲಟ ಸುಮಾರು 0.31 ವಿಕಲೆ, ಅಲ್ಲಿ ಅಷ್ಟು ಎಂದರೆ ಮಿಲಿಮೀಟರಿನ ಸಾವಿರದ ನಾಲ್ಕು ಪಾಲು. ಒಂದು ಸಲದ ಅಳತೆಯಲ್ಲಿ ಇದು ಸಿಗುವಂಥದ್ದಲ್ಲ. ಅದಕ್ಕೇ 1837ರ ಆಗಸ್ಟ್‌ನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ, ಒಂದೊಂದು ರಾತ್ರಿಯೂ ಸಾಮಾನ್ಯವಾಗಿ ಹದಿನಾರು ಸಲ ಅಳೆದರು.

ಇಲ್ಲಿ ಒಂದು ಕಪಟಿ ಶತ್ರುವಿದೆ, ಹವಾಮಾನ. ಚಳಿಯಲ್ಲಿ ಸ್ಕ್ರೂ ಕುಗ್ಗುತ್ತದೆ, ನಾಭಿದೂರ ಬದಲಾಗುತ್ತದೆ. ಯಾದೃಚ್ಛಿಕ ತಪ್ಪಾದರೆ ಸರಾಸರಿಯಲ್ಲಿ ಕರಗುತ್ತದೆ, ಆದರೆ ಬೇಸಿಗೆ ಚಳಿಗಾಲಗಳ ಚಕ್ರವೂ ಒಂದು ವರ್ಷದ್ದು, ಸ್ಥಾನಪಲ್ಲಟದ ಚಕ್ರವೂ ಒಂದು ವರ್ಷದ್ದು. ಹಿಂದಿನ ಎಷ್ಟೋ ‘ಪ್ಯಾರಲಾಕ್ಸ್’ಗಳು ಹುಸಿಯಾದದ್ದು ಇಂಥ ಋತುದೋಷಗಳಿಂದಲೇ. ಬೆಸೆಲ್ ಉಷ್ಣಾಂಶದ ತಿದ್ದುಪಡಿ ಹಾಕಿದ್ದಲ್ಲದೆ, ಹೋಲಿಕೆಗೆ ಎರಡು ನಕ್ಷತ್ರಗಳನ್ನು ಆರಿಸಿದರು. ಒಂದು ಸುಮಾರು ಏಳೂಮುಕ್ಕಾಲು ಕಲೆ, ಇನ್ನೊಂದು ಹನ್ನೊಂದೂಮುಕ್ಕಾಲು ಕಲೆ ದೂರದಲ್ಲಿದ್ದವು, ಮತ್ತು ಬೇರೆ ಬೇರೆ ದಿಕ್ಕಿನಲ್ಲಿದ್ದವು. ಉಷ್ಣಾಂಶದ ದೋಷ ಎರಡೂ ದೂರಗಳನ್ನು ಒಂದೇ ತಿಂಗಳಲ್ಲಿ ಒಟ್ಟಿಗೆ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ನಿಜವಾದ ಸ್ಥಾನಪಲ್ಲಟ ಹಾಗಲ್ಲ, ಒಂದು ದಿಕ್ಕಿನಲ್ಲಿ ಗರಿಷ್ಠವಾಗುವ ತಿಂಗಳೇ ಬೇರೆ, ಇನ್ನೊಂದು ದಿಕ್ಕಿನಲ್ಲಿ ಬೇರೆ. ಎರಡು ದೂರಗಳೂ ಭೂಮಿಯ ಚಲನೆ ಹೇಳಿದ ತಿಂಗಳುಗಳಲ್ಲೇ ಏರಿಳಿದವು. ಕನಿಷ್ಠ ವರ್ಗ ವಿಧಾನದಿಂದ (ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಬಿಡಿಸುವ ಕ್ರಮ) ಆರಂಭದ ಅಂತರ, ಸ್ವಂತ ಚಲನೆ, ಸ್ಥಾನಪಲ್ಲಟ ಮೂರನ್ನೂ ಒಟ್ಟಿಗೆ ಬಿಡಿಸಿದಾಗ ಬಂದದ್ದು 0.3136 ವಿಕಲೆ. ಅಂದರೆ ಭೂಮಿ ಮತ್ತು ಸೂರ್ಯರ ಅಂತರದ 6,57,700 ಪಟ್ಟು, ಸುಮಾರು 98 ಲಕ್ಷ ಕೋಟಿ ಕಿಲೋಮೀಟರ್. ಬೆಳಕಿಗೇ ಹತ್ತು ವರ್ಷಕ್ಕೂ ತುಸು ಹೆಚ್ಚು ಬೇಕು. ಇಂದಿನ ಬೆಲೆ 0.286 ವಿಕಲೆ, 11.4 ಜ್ಯೋತಿರ್ವರ್ಷ. ಬೆಸೆಲ್ ಅಂಕಿ ಶೇಕಡಾ ಹತ್ತರಷ್ಟು ಹೆಚ್ಚಿತ್ತು.

ಇನ್ನು ‘ಮೊದಲು ಯಾರು’ ಎಂಬ ಪ್ರಶ್ನೆ. ಥಾಮಸ್ ಹೆಂಡರ್ಸನ್ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ 1832–33ರಲ್ಲೇ ಆಲ್ಫಾ ಸೆಂಟಾರಿಯನ್ನು ಅಳೆದಿದ್ದರು, ಆದರೆ ಉಪಕರಣದ ಮೇಲೆ ಭರವಸೆ ಸಾಲದೆ 1839ರವರೆಗೆ ಪ್ರಕಟಿಸಲಿಲ್ಲ. ಫ್ರೀಡ್ರಿಖ್ ಸ್ಟ್ರೂವ್ 1837ರಲ್ಲಿ ಅಭಿಜಿತ್ ನಕ್ಷತ್ರಕ್ಕೆ 0.125 ವಿಕಲೆ ಎಂದು ಹೇಳಿದ್ದರು. ಅದು ಇಂದಿನ 0.130ಕ್ಕೆ ಬಹಳ ಹತ್ತಿರ. ಆದರೆ 1840ರಲ್ಲಿ ಅವರೇ ಹೆಚ್ಚು ಅಳತೆಗಳಿಂದ 0.261 ಎಂದು ದುಪ್ಪಟ್ಟು ಮಾಡಿ ಸಂಶಯಕ್ಕೆ ಎಡೆಕೊಟ್ಟರು. ನೋಡಿದ್ದರಲ್ಲಿ ಹೆಂಡರ್ಸನ್ ಮೊದಲು, ಅಂಕಿ ಹೇಳಿದ್ದರಲ್ಲಿ ಸ್ಟ್ರೂವ್ ಮೊದಲು. ಅನುಮಾನಕ್ಕೆ ಜಾಗವಿಲ್ಲದಂತೆ ತೋರಿಸಿದವರು ಬೆಸೆಲ್. ವಿಜ್ಞಾನದಲ್ಲಿ ಶ್ರೇಯಸ್ಸು ಕೊನೆಯದಕ್ಕೇ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಲಂಡನ್ನಿನ ರಾಯಲ್ ಅಸ್ಟ್ರೊನಾಮಿಕಲ್ ಸೊಸೈಟಿಯೂ 1841ರಲ್ಲಿ ಚಿನ್ನದ ಪದಕ ಕೊಟ್ಟದ್ದು ಅವರಿಗೇ.

ನಿಮ್ಮ ಬೆಸೆಲ್ ಫಂಕ್ಷನ್ ಬಂದದ್ದೂ ಆಕಾಶದಿಂದಲೇ. ಗ್ರಹ ಸೂರ್ಯನ ಹತ್ತಿರ ಬಂದಾಗ ಬೇಗ, ದೂರ ಹೋದಾಗ ನಿಧಾನ. ಇಂಥ ದಿನ ಅದು ಕಕ್ಷೆಯಲ್ಲಿ ಎಲ್ಲಿದೆ ಎಂದು ಕೇಳುವ ಕೆಪ್ಲರ್ ಸಮೀಕರಣಕ್ಕೆ ನೇರ ಉತ್ತರವಿಲ್ಲ, ಶ್ರೇಢಿಯಾಗಿ ಬಿಡಿಸಬೇಕು. ಆ ಶ್ರೇಢಿಯ ಗುಣಾಂಕಗಳೇ ಈ ಫಂಕ್ಷನ್‌ಗಳು. ಬರ್ನೂಲಿ, ಆಯ್ಲರ್ ಮೊದಲೇ ಕೆಲವನ್ನು ಮುಟ್ಟಿದ್ದರು. 1824ರಲ್ಲಿ ಗ್ರಹಗಳ ಪರಸ್ಪರ ಸೆಳೆತದ ಲೆಕ್ಕಕ್ಕೆಂದು ಅವುಗಳ ಗುಣಗಳನ್ನು ಕ್ರಮವಾಗಿ ಕಟ್ಟಿಕೊಟ್ಟವರು ಬೆಸೆಲ್. ಎಫ್‌ಎಂ ರೇಡಿಯೋ ಪಾಠದಲ್ಲಿ ಮಾಡ್ಯುಲೇಶನ್ ಇಂಡೆಕ್ಸ್ 2.405 ಆದಾಗ ಕ್ಯಾರಿಯರ್ ಮಾಯವಾಗುತ್ತದೆ ಎಂದು ಓದಿರುತ್ತೀರಿ. ಅದು ಸೊನ್ನೆ ಕ್ರಮಾಂಕದ ಬೆಸೆಲ್ ಫಂಕ್ಷನ್ನಿನ ಮೊದಲ ಸೊನ್ನೆ. ಸಮದಪ್ಪದ ದುಂಡು ಚರ್ಮದ ಕಂಪನಗಳೂ ಇದೇ ಸೊನ್ನೆಗಳಂತೆ 1, 1.59, 2.14, 2.30 ಎಂಬ ಅನುಪಾತದಲ್ಲಿರುತ್ತವೆ. ಪೂರ್ಣಾಂಕಗಳಲ್ಲದ ಕಾರಣ ಬರೀ ಡೋಲಿಗೆ ಶ್ರುತಿ ನಿಲ್ಲದು. ಮೃದಂಗದ ಬಲಮುಖಕ್ಕೆ ಹಚ್ಚುವ ಕಪ್ಪು ಲೇಪ, ಕರಣೆ, ಈ ಅನುಪಾತವನ್ನು ಪೂರ್ಣಾಂಕಗಳ ಹತ್ತಿರಕ್ಕೆ ಎಳೆಯುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲಿ ತೋರಿಸಿದರು.

ನಮ್ಮ ನೆಲಕ್ಕೆ ಇನ್ನೊಂದು ನಂಟಿದೆ. 1841ರಲ್ಲಿ ಬೆಸೆಲ್ ಉತ್ತರ ದಕ್ಷಿಣವಾಗಿ ನೆಲ ಅಳೆದ ಹತ್ತು ಅಳತೆಗಳನ್ನು ಸೇರಿಸಿ ಭೂಮಿಯ ಆಕಾರ ಲೆಕ್ಕ ಹಾಕಿದರು: ಸಮಭಾಜಕ ತ್ರಿಜ್ಯ 63,77,397 ಮೀಟರ್, ಚಪ್ಪಟೆತನ 299.15ರಲ್ಲಿ ಒಂದು ಪಾಲು. ಆ ಹತ್ತರಲ್ಲಿ ಎರಡು ಭಾರತದ್ದು. ದೊಡ್ಡದು ಕನ್ಯಾಕುಮಾರಿ ಬಳಿಯಿಂದ ಉತ್ತರಕ್ಕೆ ಸುಮಾರು 16 ಡಿಗ್ರಿ ಉದ್ದದ್ದು, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಸರಪಳಿ ಹಿಡಿದು ಅಳೆದ ಆಧಾರರೇಖೆ ಅದರ ಭಾಗ. ಬೆಸೆಲ್ 1837ರಲ್ಲೇ ಒಮ್ಮೆ ಈ ಲೆಕ್ಕ ಮುಗಿಸಿದ್ದರು, ಫ್ರೆಂಚ್ ಅಳತೆಯಲ್ಲಿ ತಪ್ಪಿದೆ ಎಂದು ತಿಳಿದಾಗ ಪೂರ್ತಿ ಹೊಸದಾಗಿ ಮಾಡಿದರು. ಜಪಾನ್ 2002ರವರೆಗೂ ನಕ್ಷೆಗಳಿಗೆ ಈ ದೀರ್ಘಗೋಳವನ್ನೇ ಬಳಸುತ್ತಿತ್ತು. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಮಂಗಳೂರು, ಕೊಡಗುಗಳಲ್ಲಿ ಎಷ್ಟು ಹೊತ್ತಿಗೆ ಎಂದು ಸೆಕೆಂಡಿನ ಲೆಕ್ಕದಲ್ಲಿ ಮೊದಲೇ ಹೇಳಲು ಸಾಧ್ಯವಾದದ್ದು ಬೆಸೆಲಿಯನ್ ಅಂಶಗಳು ಎಂಬ ಅವರದೇ ವಿಧಾನದಿಂದ.

ಕೊನೆಯ ವರ್ಷಗಳು ಸುಲಭದವಲ್ಲ. 1840ರಲ್ಲಿ ಮಗ ವಿಲ್ಹೆಲ್ಮ್ ತೀರಿಹೋದ. ಯುರೇನಸ್ ಲೆಕ್ಕ ತಪ್ಪುವುದಕ್ಕೆ ಆಚೆಗಿನ ಗ್ರಹವೊಂದು ಕಾರಣವಿರಬೇಕೆಂದು ಹಳೆಯ ವೀಕ್ಷಣೆಗಳನ್ನು ತಿದ್ದಲು ಹಚ್ಚಿದ್ದ ಶಿಷ್ಯ ಫ್ಲೆಮ್ಮಿಂಗ್ ಕೂಡ ಅದೇ ವರ್ಷ ಸತ್ತ. ಕೆಲಸ ನಿಂತಿತು. ನೆಪ್ಚೂನ್ ಸಿಕ್ಕಿದ್ದು ಬೆಸೆಲ್ ತೀರಿಕೊಂಡ ಆರು ತಿಂಗಳ ಮೇಲೆ. ಆದರೆ 1844ರಲ್ಲಿ ಅವರು ಇನ್ನೊಂದು ದೊಡ್ಡ ಮಾತು ಹೇಳಿ ಆಗಿತ್ತು. ಲುಬ್ಧಕ ನಕ್ಷತ್ರ ನೇರ ಗೆರೆಯಲ್ಲಿ ಸರಿಯದೆ ಅಲೆಯಾಗಿ ಸರಿಯುತ್ತಿತ್ತು. ಎಲ್ಲ ತಿದ್ದುಪಡಿ ಹಾಕಿದರೂ ಅಲೆ ಹೋಗಲಿಲ್ಲ. ಹಾಗಾದರೆ ಕಾಣದ ಭಾರದ ಜೊತೆಗಾರನೊಂದು ಇದೆ, ಸುತ್ತಿನ ಅವಧಿ ಸುಮಾರು ಅರ್ಧ ಶತಮಾನ ಎಂದರು. 1862ರಲ್ಲಿ ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸ ಮಸೂರ ಪರೀಕ್ಷಿಸುವಾಗ ಅದು ಕಣ್ಣಿಗೇ ಬಿತ್ತು. ಅವಧಿ 50 ವರ್ಷ, ನಾವೀಗ ಶ್ವೇತಕುಬ್ಜ ಎನ್ನುವ ಜಾತಿಯ ನಕ್ಷತ್ರ.

ನಿಮ್ಮ ಕೊನೆಯ ಪ್ರಶ್ನೆಗೆ: 61 ಕರ್ನಾಟಕದಿಂದ ಚೆನ್ನಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಉತ್ತರ ದಿಕ್ಕಿನಲ್ಲಿ ಸುಮಾರು 64 ಡಿಗ್ರಿ ಎತ್ತರಕ್ಕೆ ಏರುತ್ತದೆ. ಮಳೆ ಕಳೆದ ಅಕ್ಟೋಬರ್, ನವೆಂಬರ್ ಸಂಜೆಗಳು ಸೂಕ್ತ. ಮೊದಲು ಹಂಸದ ಬಾಲದ ಡೆನೆಬ್ ಹಿಡಿಯಿರಿ, ಆಮೇಲೆ ಎದೆಯ ಸಾದ್ರ್ (ಗಾಮಾ), ಪೂರ್ವದ ರೆಕ್ಕೆಯ ಎಪ್ಸಿಲಾನ್. ಈ ಮೂರು ಒಂದು ಸಮಾಂತರ ಚತುರ್ಭುಜದ ಮೂಲೆಗಳಾದರೆ, ಸಾದ್ರ್‌ಗೆ ಎದುರಿನ ನಾಲ್ಕನೇ ಮೂಲೆಯಲ್ಲಿರುವ ಮಂಕು ಚುಕ್ಕಿ 61. ನಗರದ ಬೆಳಕಿನಲ್ಲಿ ಬರಿಗಣ್ಣಿಗೆ ಸಿಗುವುದಿಲ್ಲ, ಬೈನಾಕ್ಯುಲರ್ ಬೇಕು. ಹತ್ತು ಪಟ್ಟಿನದನ್ನು ಟ್ರೈಪಾಡಿಗೆ ಕಟ್ಟಿದರೆ ಎರಡೂ ಕಿತ್ತಳೆ ನಕ್ಷತ್ರಗಳು ಬೇರೆಯಾಗಿ ಕಾಣುತ್ತವೆ, ಕೈಯಲ್ಲಿ ಹಿಡಿದರೆ ಅಲುಗಾಟದಲ್ಲಿ ಒಂದಾಗಿಬಿಡುತ್ತವೆ. ಬೆಸೆಲ್ ಬರೆದ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿ ನೋಡಿದರೆ ಜೋಡಿ ಅಲ್ಲಿ ಇರುವುದಿಲ್ಲ. 1838ರಿಂದ ಅದು ಹೆಚ್ಚುಕಡಿಮೆ ಅರ್ಧ ಚಂದ್ರಬಿಂಬದಷ್ಟು ಅಗಲ ಸರಿದಿದೆ.